ಕೇಳಿಸದ ಮಾತಿಗೆ ಒಂದು ಗೆರೆ

ಎರಡೇ ಸೆಕೆಂಡಿನ ಮಾತು. "ಸ್ಟೂಲ್ ವಾಸ್" ಅನ್ನುವುದು ಸ್ಪಷ್ಟ, ಕೊನೆಯ "ನೆಗೆಟಿವ್" ಕೂಡ ಸ್ಪಷ್ಟ. ನಡುವಿನದು ಒಮ್ಮೆ "ಗ್ವಾಯಕ್" ಅಂತ ಕೇಳಿಸಿದರೆ ಇನ್ನೊಮ್ಮೆ "ಕ್ವಾಯಕ್" ಅಂತ ಕೇಳಿಸುತ್ತಿತ್ತು. ಕಾಲಡಿಯ ಪೆಡಲ್ ಒತ್ತಿ ಹಿಂದಕ್ಕೆ ಹೋದೆ, ಮುಂದಕ್ಕೆ ಬಂದೆ, ವೇಗ ಇಳಿಸಿ ಕೇಳಿದೆ, ಹೆಡ್‌ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದು ಕೇಳಿದೆ. ನಿಘಂಟಿನ ಕ್ಯೂ ಅಕ್ಷರದಲ್ಲಿ ಹುಡುಕಿದೆ, ಸಿಗಲಿಲ್ಲ. ಜಿ ಆದ ಮೇಲೆ ಡಬ್ಲ್ಯು ಹಾಕಿ ಹುಡುಕಿದೆ, ಅಲ್ಲೂ ಇಲ್ಲ. ಇಪ್ಪತ್ತು ನಿಮಿಷ ಕಳೆದ ಮೇಲೆ ಪಕ್ಕದ ಮೇಜಿನ ಅಕ್ಕ ಬಂದು, ಹೆಡ್‌ಫೋನನ್ನು ಒಂದೇ ಕಿವಿಗೆ ಹಿಡಿದು ಕೇಳಿ, ಜಿ, ಯು, ಎ, ಐ, ಎ, ಸಿ ಎಂದು ಹೇಳಿ ಹೋದರು. ಗ್ವಾಯಾಕಮ್ ಅನ್ನುವ ಮರದ ಅಂಟಿನಿಂದ ಬಂದ ಹೆಸರು ಅದು. ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಇದೆಯೇ ಎಂದು ನೋಡುವ ಪರೀಕ್ಷೆ. ನೆಗೆಟಿವ್ ಅಂದರೆ ಇಲ್ಲ ಎಂದರ್ಥ. ಅಮೆರಿಕದ ಯಾವುದೋ ಊರಿನ ಯಾರದೋ ಹೊಟ್ಟೆಯಲ್ಲಿ ರಕ್ತ ಸೋರುತ್ತಿಲ್ಲ ಅನ್ನುವ ಸಮಾಧಾನದ ಸುದ್ದಿಯನ್ನು ಮಂಡ್ಯದ ವಿ.ವಿ. ರಸ್ತೆಯ ಒಂದು ಮಹಡಿ ಮೇಲೆ ಕೂತು ನಾನು ಬರೆದಿದ್ದೆ.

ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಅನ್ನುವ ಈ ಕೆಲಸ ನಮ್ಮ ಕಡೆಗೆ ಬಂದದ್ದು ಬೆಂಗಳೂರಿನ ದಾರಿಯಾಗಿ. 1990ರ ದಶಕದಲ್ಲಿ ಹೆಲ್ತ್‌ಸ್ಕ್ರೈಬ್‌ನಂಥ ಕಂಪನಿಗಳು ಬೆಂಗಳೂರಿನಲ್ಲಿ ಕಚೇರಿ ತೆರೆದವು. ಅಮೆರಿಕದ ವೈದ್ಯರು ದಿನದ ಕೊನೆಗೆ ಫೋನಿನಲ್ಲೋ ರೆಕಾರ್ಡರಿನಲ್ಲೋ ಪ್ರತಿಯೊಬ್ಬ ರೋಗಿಯ ವಿವರವನ್ನು ಹೇಳಿ ಮುಗಿಸುತ್ತಾರೆ. ಅವರ ಸಂಜೆ ನಮ್ಮ ಬೆಳಗಿನ ಜಾವ. ಅವರು ಮಲಗಿ ಏಳುವಷ್ಟರಲ್ಲಿ ಇಲ್ಲಿ ಟೈಪಾಗಿ, ತಿದ್ದಿ, ಅಲ್ಲಿಗೆ ತಲುಪಿರಬೇಕು. ಆ ಕಾಲದಲ್ಲಿ ಬಿ.ಎಸ್ಸಿ. ಮುಗಿಸಿದ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರಿಗೆ ಈ ಕೆಲಸ ದೊಡ್ಡ ಆಸೆಯಾಗಿ ಕಂಡಿತು. ಆರೆಂಟು ತಿಂಗಳು ತರಬೇತಿ, ಆಮೇಲೆ ಬೆಂಗಳೂರಿಗೆ ರೈಲು. ಕೆಲವರು ಅಲ್ಲೇ ಉಳಿದರು. ಕೆಲವರು ಮದುವೆಯಾಗಿ ಮಳವಳ್ಳಿಗೋ ಮದ್ದೂರಿಗೋ ಬಂದು, ಮನೆಯಲ್ಲೇ ಒಂದು ಕಂಪ್ಯೂಟರು, ಒಂದು ಯುಪಿಎಸ್ಸು ಇಟ್ಟುಕೊಂಡು ಮುಂದುವರಿಸಿದರು. ನಾನೂ ಹಾಗೆ ಮದ್ದೂರಿನ ಮನೆಯಿಂದ ಹಲವು ವರ್ಷ ಮಾಡಿದೆ.

ಹೊರಗಿನಿಂದ ನೋಡಿದವರಿಗೆ ಇದು ಬರಿಯ ಟೈಪಿಂಗ್. "ಅವರು ಹೇಳಿದ್ದನ್ನ ನೀವು ಹೊಡೀತೀರ, ಅಷ್ಟೇ ತಾನೆ?" ಎಂದು ನೆಂಟರು ಕೇಳುತ್ತಿದ್ದರು. ಅವರು ಹೇಳಿದ್ದು ಏನು ಅನ್ನುವುದೇ ಪ್ರಶ್ನೆ ಎಂದು ಅವರಿಗೆ ಹೇಗೆ ತಿಳಿಸುವುದು? ವೈದ್ಯರು ಕಾರು ಓಡಿಸುತ್ತ ಹೇಳುತ್ತಾರೆ, ಚಿಪ್ಸ್ ತಿನ್ನುತ್ತ ಹೇಳುತ್ತಾರೆ, ಆಕಳಿಸುತ್ತ ಹೇಳುತ್ತಾರೆ. ಹಿಂದೆ ಪೇಜರ್ ಕೂಗುತ್ತದೆ, ಮಗು ಅಳುತ್ತದೆ. ನೂರನೆಯ ಸಲ ಹೇಳುವ ಮಾತನ್ನು ನಾಲಿಗೆ ಅರ್ಧ ನುಂಗುತ್ತದೆ. ಅಮೆರಿಕದ ಆಸ್ಪತ್ರೆಗಳಲ್ಲಿ ಎಲ್ಲ ದೇಶದ ವೈದ್ಯರೂ ಇರುವುದರಿಂದ ಇಂಗ್ಲಿಷಿಗೆ ಹತ್ತು ಬಗೆಯ ಉಚ್ಚಾರ. ಮೊದಲ ಸಲ ಆಂಧ್ರದ ಕಡೆಯ ವೈದ್ಯರೊಬ್ಬರ ಫೈಲು ಸಿಕ್ಕ ದಿನ ಹಬ್ಬದ ಊಟ ಉಂಡಷ್ಟು ಸಂತೋಷವಾಗಿತ್ತು ನನಗೆ.

ಕನ್ನಡದವರಿಗೆ ಇಲ್ಲಿ ಇನ್ನೊಂದು ತೊಡಕು ಉಂಟು. ನಾವು ಕೇಳಿದ್ದನ್ನು ಕೇಳಿದಂತೆ ಬರೆಯುವ ಜನ. ನಮ್ಮ ಲಿಪಿ ಅದಕ್ಕೇ ಇದೆ. ಈ ಕೆಲಸದಲ್ಲಿ ಕೇಳದ ಅಕ್ಷರವನ್ನೂ ಬರೆಯಬೇಕು. ರೆಪ್ಪೆ ಜೋತು ಬೀಳುವುದಕ್ಕೆ "ಟೋಸಿಸ್" ಅನ್ನುತ್ತಾರೆ. ಬರೆಯುವಾಗ ಮುಂದೊಂದು ಪಿ ಇರಬೇಕು. ಸೊಂಟದ ಸ್ನಾಯು "ಸೋಯಸ್" ಎಂದು ಕೇಳಿಸುತ್ತದೆ. ಅಲ್ಲೂ ಪಿ ಅಡಗಿ ಕೂತಿದೆ. ಎದೆಮೂಳೆಯ ತುದಿ "ಜೈಫಾಯ್ಡ್" ಎಂದು ಕೇಳಿಸಿದರೂ ನಿಘಂಟಿನಲ್ಲಿ ಎಕ್ಸ್ ಅಕ್ಷರದ ಕೆಳಗಿದೆ. ಮಂಡ್ಯದ ಕಿವಿಯ ಕಷ್ಟ ಬೇರೆ. ನಮ್ಮಲ್ಲಿ ಹಲ್ಲು ಅಲ್ಲಾಗುತ್ತದೆ, ಹುಳ ಉಳವಾಗುತ್ತದೆ, ಹಣ್ಣು ಅಣ್ಣಾಗುತ್ತದೆ. ಹಕಾರವನ್ನು ಅಷ್ಟು ಸಲೀಸಾಗಿ ಬಿಟ್ಟುಕೊಟ್ಟು ಬೆಳೆದ ನಾವು ಇಂಗ್ಲಿಷ್ ಪದಗಳ ಮೊದಲಿನ ಆ ಉಸಿರನ್ನು ಹಿಡಿಯಲು ಕಿವಿಯನ್ನು ಹೊಸದಾಗಿ ಪಳಗಿಸಿಕೊಳ್ಳಬೇಕಾಯಿತು.

ಅರ್ಥವಾಗದ ಪದವನ್ನು ಒಡೆಯುವ ದಾರಿ ಇದೆ. ವೈದ್ಯಕೀಯ ಪದಗಳಲ್ಲಿ ಬಹಳಷ್ಟು ಗ್ರೀಕ್, ಲ್ಯಾಟಿನ್ ತುಂಡುಗಳನ್ನು ಹೊಲಿದು ಮಾಡಿದವು. ಕೊನೆಯಲ್ಲಿ "ಎಕ್ಟಮಿ" ಬಂದರೆ ಕತ್ತರಿಸಿ ತೆಗೆದಿದ್ದಾರೆ, "ಆಟಮಿ" ಬಂದರೆ ಕೊಯ್ದಿದ್ದಾರೆ, "ಆಸ್ಟಮಿ" ಬಂದರೆ ಹೊರಕ್ಕೆ ಬಾಯಿ ಮಾಡಿದ್ದಾರೆ. ದೊಡ್ಡ ಕರುಳಿಗೆ ಈ ಮೂರನ್ನೂ ಜೋಡಿಸಿ ಬೇಗ ಬೇಗ ಹೇಳಿ ನೋಡಿ, ಕೊಲೆಕ್ಟಮಿ, ಕೊಲಾಟಮಿ, ಕೊಲಾಸ್ಟಮಿ. ಕಿವಿಗೆ ಒಂದು ಎಳೆಯ ವ್ಯತ್ಯಾಸ. ರೋಗಿಗೆ ಕರುಳು ಇದೆಯೋ ಇಲ್ಲವೋ ಅನ್ನುವಷ್ಟು ವ್ಯತ್ಯಾಸ. ಈ ಒಡೆಯುವ ವಿದ್ಯೆ ನನಗೆ ಇಂಗ್ಲಿಷ್ ಪುಸ್ತಕಗಳಿಗಿಂತ ಡಾ. ಡಿ.ಎಸ್. ಶಿವಪ್ಪನವರ 'ವೈದ್ಯಕೀಯ ಪದಗಳ ಹುಟ್ಟು ರಚನೆ'ಯಿಂದ ಹೆಚ್ಚು ದಕ್ಕಿತು. ಕನ್ನಡದಲ್ಲಿ ಅಂಥದ್ದೊಂದು ಪುಸ್ತಕ ಇದೆ ಎಂದು ತರಬೇತಿ ಕೇಂದ್ರದಲ್ಲಿ ಯಾರೂ ಹೇಳಿರಲಿಲ್ಲ. ಹೇಳಬೇಕಿತ್ತು.

ಪದ ಒಡೆದರೂ ಸಿಗದಿದ್ದಾಗ ಸುತ್ತಲಿನ ಮಾತನ್ನು ನೋಡಬೇಕು. ವೈದ್ಯರು "ಲೇಸಿಕ್ಸ್" ಅಂದರೋ "ಲೋಸೆಕ್" ಅಂದರೋ? ಕಾಲು ಊದಿದೆ, ಉಸಿರು ಕಟ್ಟುತ್ತಿದೆ ಎಂದು ಮೇಲೆ ಹೇಳಿದ್ದರೆ ಅದು ನೀರಿಳಿಸುವ ಲೇಸಿಕ್ಸ್. ಹೊಟ್ಟೆಯ ಆಮ್ಲ, ಎದೆ ಉರಿ ಅಂದಿದ್ದರೆ ಲೋಸೆಕ್. ಈ ಎರಡು ಎಷ್ಟು ಕಲಸಿಹೋಗುತ್ತಿದ್ದವು ಅಂದರೆ ಅಮೆರಿಕದಲ್ಲಿ 1990ರಲ್ಲಿ ಲೋಸೆಕ್‌ನ ಹೆಸರನ್ನೇ ಪ್ರೈಲೋಸೆಕ್ ಎಂದು ಬದಲಾಯಿಸಬೇಕಾಯಿತು. ಸೆಲೆಬ್ರೆಕ್ಸ್ ಕೀಲುನೋವಿಗೆ, ಸೆಲೆಕ್ಸಾ ಮನಸ್ಸಿನ ಕುಗ್ಗಿಗೆ, ಸೆರೆಬಿಕ್ಸ್ ಮೂರ್ಛೆಗೆ. ಲಾಮಿಕ್ಟಲ್ ಮೂರ್ಛೆಗೆ, ಲಾಮಿಸಿಲ್ ಚರ್ಮದ ಬೂಸಿಗೆ. ಸಾಮಾನ್ಯವಾಗಿ ಎಷ್ಟು ಮಿಲಿಗ್ರಾಂ ಅನ್ನುವುದು ಗುರುತು ಹಿಡಿಸುತ್ತದೆ. ಆದರೆ ಬಿ.ಪಿ.ಗೆ ಕೊಡುವ ಹೈಡ್ರಲಜೀನ್, ತುರಿಕೆಗೆ ಕೊಡುವ ಹೈಡ್ರಾಕ್ಸಿಜೀನ್ ಎರಡೂ 25 ಮಿಲಿಗ್ರಾಂನಲ್ಲಿ ಬರುತ್ತವೆ. ಅಲ್ಲಿ ಅಳತೆಯೂ ಕೈಕೊಡುತ್ತದೆ.

ಇನ್ನು ಎಲ್ಲಕ್ಕಿಂತ ಚಿಕ್ಕ ಪದಗಳೇ ದೊಡ್ಡ ಅಪಾಯ. "ನೋ ನೋನ್ ಡ್ರಗ್ ಅಲರ್ಜೀಸ್", ಅಂದರೆ ಗೊತ್ತಿರುವಂತೆ ಒಗ್ಗದ ಔಷಧಿ ಯಾವುದೂ ಇಲ್ಲ. ಈ "ನೋ", "ನೋನ್" ಎರಡೂ ಒಂದರೊಳಗೊಂದು ಕರಗಿ ಒಂದೇ ಆದರೆ, ಔಷಧಿ ಒಗ್ಗುವುದಿಲ್ಲ ಎಂದು ಕಾಗದ ಸುಳ್ಳು ಹೇಳುತ್ತದೆ. ಕೈಯನ್ನು ದೇಹದಿಂದ ದೂರ ಒಯ್ಯುವ "ಅಬ್ಡಕ್ಷನ್", ಹತ್ತಿರ ತರುವ "ಅಡಕ್ಷನ್" ಎರಡಕ್ಕೂ ಎಷ್ಟು ಗೋಳೆಂದರೆ ಒಳ್ಳೆಯ ವೈದ್ಯರು "ಎ-ಬಿ-ಡಕ್ಷನ್", "ಎ-ಡಿ-ಡಕ್ಷನ್" ಎಂದು ಬಿಡಿಸಿ ಹೇಳುತ್ತಾರೆ. ಫಿಫ್ಟೀನ್, ಫಿಫ್ಟಿ ಬಂದಾಗ "ಒನ್ ಫೈವ್" ಎಂದು ಸೇರಿಸುವ ವೈದ್ಯರೊಬ್ಬರಿದ್ದರು. ಅವರ ಮುಖ ನಾನು ನೋಡಿಲ್ಲ, ಹೆಸರಿನ ಉಚ್ಚಾರವೂ ಸರಿಯಾಗಿ ಗೊತ್ತಿಲ್ಲ. ಆದರೂ ಅವರಿಗೆ ಋಣಿಯಾಗಿದ್ದೇನೆ.

ಕೆಲಸಕ್ಕೆ ಸೇರಿದ ಮೂರನೆಯ ತಿಂಗಳು ನಾನು ಮಾಡಿದ ತಪ್ಪನ್ನು ಹೇಳಬೇಕು. ಒಂದು ಎಮರ್ಜೆನ್ಸಿ ವಾರ್ಡಿನ ವರದಿ. ವೈದ್ಯರು ಓಡುವವರಂತೆ ಮಾತಾಡುತ್ತಿದ್ದರು. ರೋಗಿಗೆ "ಹೈಪ...ಟೆನ್ಷನ್" ಎಂದರು. ನಡುವಿನ ಅಕ್ಷರ ಕೇಳಲಿಲ್ಲ. ನನ್ನ ಬೆರಳು ತಾನಾಗಿ ಹೈಪರ್‌ಟೆನ್ಷನ್ ಎಂದು ಹೊಡೆಯಿತು. ದಿನಕ್ಕೆ ಇಪ್ಪತ್ತು ಸಲ ಬರುವ ಪದ ಅದು. ನಾವು ಟೈಪ್ ಮಾಡಿದ್ದನ್ನು ತಿದ್ದುವ ಎಡಿಟರ್ ಅಕ್ಕ ನನ್ನನ್ನು ಕರೆದು ಪರದೆಯ ಮೇಲೆ ಎರಡು ಸಾಲು ಮೇಲಕ್ಕೆ ಬೆರಳಿಟ್ಟರು. ರಕ್ತದೊತ್ತಡ 84/50 ಎಂದು ನಾನೇ ಟೈಪ್ ಮಾಡಿದ್ದೆ! ಅದು ಹೈಪೊಟೆನ್ಷನ್, ಒತ್ತಡ ಕುಸಿದ ರೋಗಿ. ನನ್ನ ಕಾಗದದಲ್ಲಿ ಒತ್ತಡ ಏರಿದ ರೋಗಿಯಾಗಿದ್ದ. ಇಬ್ಬರಿಗೂ ಕೊಡುವ ಔಷಧಿ ಒಂದಕ್ಕೊಂದು ತದ್ವಿರುದ್ಧ.

ಅಕ್ಕ ಬೈಯಲಿಲ್ಲ. "ಕೇಳ್ಸುನಿಲ್ಲ ಅಂದ್ರೆ ಗೆರೆ ಎಳ್ದು ಬುಡವ್ವ," ಅಂದರು. "ನಿನ್ ತಲೇಲಿ ವೊಳ್ದಿದ್ದ ತಕ್ಕೊಂಡೋಗಿ ರೋಗಿ ಮೈಗೆ ಅಚ್‌ಬ್ಯಾಡ."

ಗೆರೆ ಅಂದರೆ ಬ್ಲ್ಯಾಂಕ್. ಕೇಳದ ಪದದ ಜಾಗದಲ್ಲಿ ಅಡಿಗೆರೆ ಎಳೆದು, ಯಾವ ನಿಮಿಷ ಯಾವ ಸೆಕೆಂಡಿನಲ್ಲಿ ಆ ಮಾತಿದೆ ಎಂದು ನಮೂದಿಸಿ, "ಸೌಂಡ್ಸ್ ಲೈಕ್" ಎಂದು ಕೇಳಿಸಿದ ಹಾಗೆ ಬರೆದು ಬಿಡುವುದು. ಎಡಿಟರ್ ಕೇಳುತ್ತಾರೆ, ಅವರಿಗೂ ಆಗದಿದ್ದರೆ ಗೆರೆ ಹಾಗೇ ವೈದ್ಯರ ಬಳಿಗೆ ಹೋಗುತ್ತದೆ. ವೈದ್ಯರಿಗೆ ತಾವು ಏನು ಹೇಳಿದೆವು ಎಂದು ಗೊತ್ತಿರುತ್ತದೆ. ಕಲಿಸುವಾಗ ಇದನ್ನು ಮೊದಲ ಪಾಠವಾಗಿ ಹೇಳುತ್ತಾರೆ, ದುಡಿಯುವಾಗ ಮೊದಲು ಮರೆಯುವುದೂ ಇದನ್ನೇ. ಯಾಕೆಂದರೆ ಸಂಬಳ ಲೈನಿನ ಲೆಕ್ಕದಲ್ಲಿ. ಖಾಲಿ ಜಾಗವೂ ಸೇರಿ 65 ಅಕ್ಷರಕ್ಕೆ ಒಂದು ಲೈನು. ಒಂದು ಪದಕ್ಕೆ ಇಪ್ಪತ್ತು ನಿಮಿಷ ಕೂತರೆ ಆ ದಿನದ ಗಳಿಕೆ ಹೋಯಿತು. ಗೆರೆ ಹೆಚ್ಚಾದರೆ ಗುಣಮಟ್ಟದ ಅಂಕ ಕಡಿಮೆ, ಮೇಲಿನವರ ಮುಖ ಗಂಟು. ಹುಡುಕಲು ಸಮಯವಿಲ್ಲ, ಬಿಡಲು ಧೈರ್ಯವಿಲ್ಲ. ಮೂರನೆಯ ದಾರಿ ಒಂದೇ, ಹೊಂದುವಂತೆ ಕಾಣುವ ಪದವನ್ನು ತುಂಬಿ ಮುಂದೆ ಹೋಗುವುದು. ನೂರಕ್ಕೆ 98 ಸರಿ ಇದ್ದರೆ ವರದಿ ಪಾಸು ಅನ್ನುವುದು ಈ ಕಸುಬಿನಲ್ಲಿ ರೂಢಿಯಾದ ಮಟ್ಟ. ಉಳಿದ ಎರಡರಲ್ಲಿ ಒಂದು "ನೋ" ಅನ್ನುವ ಪದವಾಗಿದ್ದರೆ?

ನಮ್ಮ ಕಿವಿಯ ಸ್ವಭಾವವೂ ತುಂಬುವುದೇ. ಮದ್ದೂರು ಸ್ಟೇಷನ್ನಿನಲ್ಲಿ ರೈಲು ನಿಂತಾಗ ವಡೆ ಮಾರುವವರ ಕೂಗನ್ನು ನೆನಪಿಸಿಕೊಳ್ಳಿ. ಇಂಜಿನ್ನಿನ ಸದ್ದು, ಇಳಿಯುವವರ ಗಲಾಟೆ. ಗಾಳಿಯಲ್ಲಿ ಬರುವುದು "...ದೂರ್ವಡೆ, ...ಡೆ" ಅಷ್ಟೇ. ಆದರೂ ಡಬ್ಬಿಯಲ್ಲಿ ಕೂತ ಎಲ್ಲರಿಗೂ "ಮದ್ದೂರು ವಡೆ" ಎಂದು ಪೂರ್ತಿಯಾಗಿ ಕೇಳುತ್ತದೆ. ಕಿವಿಯ ಈ ತುಂಬುವ ಗುಣವನ್ನು ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ವಾರನ್ 1970ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಒಂದು ವಾಕ್ಯದ ನಡುವೆ ಒಂದು ಪದದ ಒಂದು ಧ್ವನಿಯನ್ನು ಪೂರ್ತಿ ತೆಗೆದು, ಆ ಜಾಗದಲ್ಲಿ ಕೆಮ್ಮಿನ ಸದ್ದು ಇಟ್ಟರು. ಕೇಳಿದ 20 ಜನರಲ್ಲಿ 19 ಜನ ಯಾವ ಧ್ವನಿಯೂ ಬಿಟ್ಟುಹೋಗಿಲ್ಲ ಎಂದೇ ಹೇಳಿದರು. ಇಲ್ಲದ ಧ್ವನಿಯನ್ನು ಅವರು ನಿಜವಾಗಿಯೇ ಕೇಳಿದ್ದರು. ನಾನು ಹೈಪರ್ ಎಂದು ಹೊಡೆದಾಗ ಊಹೆ ಮಾಡುತ್ತಿದ್ದೇನೆ ಅನ್ನುವ ಅರಿವೇ ನನಗಿರಲಿಲ್ಲ. ಕೇಳಿದೆ ಎಂದೇ ನಂಬಿದ್ದೆ. ಗೆರೆ ಎಳೆಯುವುದು ಸೋಮಾರಿಯ ಕೆಲಸ ಎಂದು ತಿಳಿದವರು ಇದನ್ನು ಯೋಚಿಸಬೇಕು. ತುಂಬುವುದು ಕಿವಿಗೆ ಹುಟ್ಟಿನಿಂದ ಬಂದದ್ದು, ಬಿಡುವುದನ್ನು ಕಲಿಯಬೇಕು.

ಬರೆದದ್ದು ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಅಲಬಾಮದ ಒಂದು ಪ್ರಕರಣ ನಮ್ಮ ಕಸುಬಿನವರಿಗೆಲ್ಲ ಗೊತ್ತು. 2008ರಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ ಸಕ್ಕರೆ ಕಾಯಿಲೆಯ ಮಹಿಳೆಯೊಬ್ಬರಿಗೆ ವೈದ್ಯರು ಹೇಳಿದ್ದು ಲೆವೆಮಿರ್ ಇನ್ಸುಲಿನ್ 8 ಯೂನಿಟ್. ಟೈಪಾಗಿ ಬಂದ ಕಾಗದದಲ್ಲಿ ಇದ್ದದ್ದು 80. ಆಕೆಯನ್ನು ಕಳುಹಿಸಿದ ಆರೈಕೆ ಕೇಂದ್ರದಲ್ಲಿ ಕಾಗದದಲ್ಲಿದ್ದಂತೆ ಕೊಟ್ಟರು. ಆಕೆ ತೀರಿಕೊಂಡರು. ಟೈಪಿಂಗ್ ಕೆಲಸ ಒಬ್ಬರಿಂದೊಬ್ಬರಿಗೆ ಗುತ್ತಿಗೆಯಾಗಿ ಭಾರತಕ್ಕೆ ಬಂದಿತ್ತು. 2012ರಲ್ಲಿ ಅಲ್ಲಿನ ನ್ಯಾಯಾಲಯದಲ್ಲಿ ಜ್ಯೂರಿ 14 ಕೋಟಿ ಡಾಲರ್ ಪರಿಹಾರ ಎಂದು ತೀರ್ಪು ಕೊಟ್ಟಿತು. ಆ ಸುದ್ದಿ ಓದಿದ ದಿನ ನಾನು ಹಳೆಯ ಫೈಲುಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದೆ. ನಿದ್ದೆ ಬರಲಿಲ್ಲ.

ಸೊನ್ನೆಯ ಭಯ ಅಲ್ಲಿಯವರಿಗೂ ಮೊದಲೇ ಇತ್ತು. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ ಅನ್ನುವ ಸಂಸ್ಥೆ 2004ರಲ್ಲಿ ಬರೆಯಬಾರದ ಸಂಕ್ಷೇಪಗಳ ಪಟ್ಟಿಯನ್ನೇ ಮಾಡಿತು. ಯೂನಿಟ್ ಅನ್ನುವುದಕ್ಕೆ ಯು ಎಂದು ಬರೆಯಬೇಡಿ, ಅದು ಸೊನ್ನೆಯಂತೆ ಕಾಣುತ್ತದೆ. 5 ಎಂದು ಬರೆಯುವಲ್ಲಿ 5.0 ಬರೆಯಬೇಡಿ, ಚುಕ್ಕೆ ಕಾಣದಿದ್ದರೆ 50 ಆಗುತ್ತದೆ. ಅರ್ಧ ಮಿಲಿಗ್ರಾಂ ಇದ್ದರೆ ಚುಕ್ಕೆಯ ಮುಂದೆ ಸೊನ್ನೆ ಇಡಿ. ನಮ್ಮ ದೇಶದಲ್ಲೂ 2016ರಲ್ಲಿ ಮೆಡಿಕಲ್ ಕೌನ್ಸಿಲ್ ತನ್ನ ನಿಯಮ ತಿದ್ದಿ, ಔಷಧಿಯ ಮೂಲ ಹೆಸರನ್ನು ಓದಲು ಬರುವಂತೆ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕು ಎಂದಿತು.

ಈಗ ಈ ಕೆಲಸದ ಬಹುಭಾಗವನ್ನು ಯಂತ್ರ ಮಾಡುತ್ತಿದೆ. ಮೊದಲು ಯಂತ್ರ ಟೈಪ್ ಮಾಡಿಕೊಡುತ್ತಿತ್ತು, ನಾವು ಕೇಳಿ ತಿದ್ದುತ್ತಿದ್ದೆವು. ಈಗ ತಿದ್ದುವವರೂ ಕಡಿಮೆಯಾಗುತ್ತಿದ್ದಾರೆ. ನನ್ನ ಕೆಲಸ ಹೋಯಿತೆಂದು ನಾನು ಯಂತ್ರವನ್ನು ದೂರುತ್ತಿಲ್ಲ. ಎಷ್ಟೋ ಔಷಧಿಗಳ ಹೆಸರನ್ನು ಅದು ನನಗಿಂತ ಚೆನ್ನಾಗಿ ಹಿಡಿಯುತ್ತದೆ. ನನ್ನ ತಕರಾರು ಒಂದೇ: ಅದು ಸಾಮಾನ್ಯವಾಗಿ ಗೆರೆ ಎಳೆಯುವುದಿಲ್ಲ. 2024ರಲ್ಲಿ ಅಮೆರಿಕದ ಸಂಶೋಧಕರು ವಿಸ್ಪರ್ ಅನ್ನುವ ಹೆಸರಾಂತ ತಂತ್ರಾಂಶವನ್ನು ಪರೀಕ್ಷಿಸಿದಾಗ, ನೂರರಲ್ಲಿ ಸುಮಾರು ಒಂದು ತುಣುಕಿನಲ್ಲಿ ಯಾರೂ ಆಡದ ಮಾತನ್ನು ಅದು ಇಡಿಯಾಗಿ ಬರೆದಿತ್ತು. ಮಾತಿನ ನಡುವೆ ಮೌನ ಹೆಚ್ಚಿದ್ದಷ್ಟೂ ಈ ಕಟ್ಟುಕತೆ ಹೆಚ್ಚು. ಅದಕ್ಕೇ ಲಕ್ವ ಹೊಡೆದೋ ಬೇರೆ ಕಾರಣಕ್ಕೋ ಮಾತು ತಡವರಿಸುವ ರೋಗಿಗಳ ಪಾಲಿಗೆ ಅದು ಹೆಚ್ಚು ತಪ್ಪಿತು. ಯಾರು ನಿಧಾನವಾಗಿ, ಕಷ್ಟಪಟ್ಟು ಮಾತಾಡುತ್ತಾರೋ ಅವರ ಬಾಯಿಗೇ ಬೇರೆ ಮಾತು ತುರುಕಿದ ಹಾಗಾಯಿತು. ಮನುಷ್ಯರು ತುಂಬಿದಾಗ ಸಾಮಾನ್ಯವಾಗಿ ಎಲ್ಲೋ ಒಂದು ಅಳುಕು ಉಳಿದಿರುತ್ತದೆ, ಎಡಿಟರ್ ಕೇಳಿದರೆ ಮುಖದಲ್ಲಿ ಕಾಣುತ್ತದೆ. ಯಂತ್ರದ ಅಕ್ಷರಕ್ಕೆ ಮುಖವಿಲ್ಲ. ಸರಿಯಾದ ಪದವೂ ತಪ್ಪು ಪದವೂ ಒಂದೇ ಅಚ್ಚುಕಟ್ಟಿನಲ್ಲಿ ಕೂತಿರುತ್ತವೆ.

ಇಂಥ ಯಂತ್ರಗಳು ನಮ್ಮ ಆಸ್ಪತ್ರೆಗಳ ಮೇಜಿಗೂ ಬರುತ್ತವೆ. ಆಗ ನಮ್ಮ ಜನ ಹೇಳುವುದನ್ನು ಅವು ಏನೆಂದು ಬರೆದುಕೊಳ್ಳುತ್ತವೆ? ಮಳವಳ್ಳಿ ಕಡೆಯ ಅಜ್ಜಿ "ತಲೆ ತಿರುಗ್ತದೆ" ಅಂದರೆ ಒಂದು, "ಕಣ್ ಕತ್ಲೆ ಬತ್ತದೆ" ಅಂದರೆ ಇನ್ನೊಂದು. ಮೊದಲನೆಯದು ಕಿವಿಯ ತೊಂದರೆ ಇರಬಹುದು, ಎರಡನೆಯದು ಹೃದಯದ್ದೋ ಬಿ.ಪಿ.ಯದ್ದೋ ಇರಬಹುದು. ಇಂಗ್ಲಿಷಿನ "ಡಿಜಿ" ಅನ್ನುವ ಒಂದೇ ಪದ ಇವೆರಡನ್ನೂ ಬಾಚಿ ಒಂದೇ ಗುಡ್ಡೆ ಮಾಡಿಬಿಡುತ್ತದೆ. ರೋಗಿ ಆಡಿದ ಕನ್ನಡದ ಮಾತನ್ನೇ ಕೇಸ್ ಶೀಟಿನಲ್ಲಿ ಹಾಗೇ ಬರೆದುಕೊಳ್ಳುವ ವೈದ್ಯರನ್ನು ಕಂಡರೆ ನನಗೆ ಗೌರವ.

ಹೋದ ವರ್ಷ ನಮ್ಮ ದೊಡ್ಡಮ್ಮನನ್ನು ದೊಡ್ಡ ಊರಿನ ಆಸ್ಪತ್ರೆಯೊಂದರಿಂದ ಮನೆಗೆ ಕರೆತಂದೆವು. ಎಪ್ಪತ್ತು ದಾಟಿದ ಜೀವ. ಥೈರಾಯ್ಡ್ ಎಂದು ಅಲ್ಲೇ ಗೊತ್ತಾಗಿತ್ತು. ಡಿಸ್ಚಾರ್ಜ್ ಕಾಗದ ಹಿಡಿದು ಮಳವಳ್ಳಿಯ ಮೆಡಿಕಲ್ ಸ್ಟೋರಿಗೆ ಹೋದೆ. ಅಂಗಡಿಯವರು ಮಿಕ್ಕ ಮಾತ್ರೆಗಳನ್ನೆಲ್ಲ ಕವರಿಗೆ ಹಾಕಿ ಒಂದರ ಮೇಲೆ ಬೆರಳಿಟ್ಟುಕೊಂಡು ನಿಂತರು. "ಈ ಮಾತ್ರೆ ಮೊದಲಿಂದ ತಗತಾವ್ರಾ ಅಮ್ಮ?" ಇಲ್ಲ, ಈಗ ಹೊಸದಾಗಿ ಕೊಟ್ಟದ್ದು ಎಂದೆ. "ಈ ವಯಸ್ಗೆ ಹೊಸದಾಗಿ ಸುರು ಮಾಡೋರ್ಗೆ ಒಂದೇ ಸಲಕ್ಕೆ 125 ಕೊಡಾಕಿಲ್ಲ. ಒಂದ್ ಫೋನ್ ಮಾಡಿ ಕೇಳ್ಬುಡಿ, ಅಲ್ಲೀಗಂಟ ನಾನು ಕೊಡಾಕಿಲ್ಲ." ಫೋನು ಮಾಡಿದೆ. ನಾಲ್ಕು ಕಡೆ ತಿರುಗಿ ಕೊನೆಗೆ ವೈದ್ಯರೇ ಸಿಕ್ಕರು. ಅವರು ಬರೆದದ್ದು 12.5 ಮೈಕ್ರೋಗ್ರಾಂ. ಟೈಪಾಗುವಾಗ ಚುಕ್ಕೆ ಬಿದ್ದುಹೋಗಿತ್ತು. ಎರಡೂ ಅಳತೆಯ ಮಾತ್ರೆ ಅಂಗಡಿಯಲ್ಲಿ ಸಿಗುತ್ತದೆ. ಇಷ್ಟು ವರ್ಷ ಇದೇ ಕೆಲಸ ಮಾಡಿದ ನಾನು ಆ ಕಾಗದವನ್ನು ದಾರಿಯಲ್ಲಿ ಎರಡು ಸಲ ಓದಿದ್ದೆ. ನನಗೆ ಹೊಳೆಯಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬಿಟ್ಟು, ಕೇಳುವ ತನಕ ಕೈ ತಡೆದದ್ದು ಆ ಅಂಗಡಿಯವರು.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ಮನೆಯವರನ್ನು ಆಸ್ಪತ್ರೆಯಿಂದ ಕರೆತರುವಾಗ ಬಿಲ್ಲು ಕಟ್ಟುವ ಅವಸರದಲ್ಲಿ ಡಿಸ್ಚಾರ್ಜ್ ಕಾಗದವನ್ನು ಮಡಚಿ ಕವರಿನೊಳಗೆ ಇಡಬೇಡಿ. ನರ್ಸ್ ಅಥವಾ ವೈದ್ಯರ ಎದುರಿನಲ್ಲೇ ನಿಂತು, ಪ್ರತಿಯೊಂದು ಮಾತ್ರೆಯ ಹೆಸರು, ಅಳತೆ, ಹೊತ್ತು ಓದಿಸಿ, ಯಾವುದಕ್ಕೆ ಎಂದು ಕೇಳಿ ಬರೆದುಕೊಳ್ಳಿ. ಕೈ, ಕಾಲು, ಕಣ್ಣು ಎಂದಿದ್ದರೆ ಎಡವೋ ಬಲವೋ ನೋಡಿ. ಚುಕ್ಕೆ, ಸೊನ್ನೆ ಇರುವ ಕಡೆ ಬೆರಳಿಟ್ಟು ಕೇಳಿ. ಯಾವ ಔಷಧಿ ಒಗ್ಗುವುದಿಲ್ಲ ಅನ್ನುವ ಸಾಲು ಇದೆಯೇ, ಇದ್ದರೆ ಸರಿಯಾಗಿದೆಯೇ ನೋಡಿ. ಅವರು ಬೇಸರ ಮಾಡಿಕೊಂಡರೂ ಪರವಾಗಿಲ್ಲ, ಇನ್ನೊಂದು ಸಲ ಕೇಳಿ.